ನಾಲ್ಕು, ಎಂಟು, ಹದಿನಾಲ್ಕು: ಮೂವರನ್ನೂ ಕಟ್ಟಿಕೊಂಡು ಮೈಸೂರು ಸುತ್ತುವುದು ಹೇಗೆ?

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಈ ಬೇಸಿಗೆ ರಜೆಗೆ ಬೆಂಗಳೂರಿನಿಂದ ಮಗನ ಮಕ್ಕಳಿಬ್ಬರು (ಹುಡುಗಿಗೆ 4 ವರ್ಷ, ಹುಡುಗನಿಗೆ 8) ಮತ್ತು ಪುಣೆಯಿಂದ ಮಗಳ ಮಗ (14 ವರ್ಷ) ಬರುತ್ತಿದ್ದಾರೆ. ಅಪ್ಪ-ಅಮ್ಮಂದಿರು ಬಿಟ್ಟು ಹೋಗುತ್ತಾರೆ, ಹತ್ತು ದಿನ ನಮ್ಮದೇ ಉಸ್ತುವಾರಿ. ಹೋದ ವರ್ಷ ಅರಮನೆ, ಝೂ, ಕೆಆರ್‌ಎಸ್ ಮೂರನ್ನೂ ಒಂದೇ ದಿನ ತೋರಿಸಲು ಹೋಗಿ ಎಲ್ಲರೂ ಸುಸ್ತಾದೆವು, ಚಿಕ್ಕವಳಿಗೆ ಜ್ವರವೂ ಬಂತು. ದೊಡ್ಡವನು ಎಲ್ಲಿಗೆ ಹೋದರೂ ಮೊಬೈಲ್ ಹಿಡಿದು ಕೂರುತ್ತಾನೆ, ಕನ್ನಡ ಅರ್ಥವಾಗುತ್ತದೆ, ಆಡುವುದಿಲ್ಲ. ನಮ್ಮ ಯಜಮಾನರಿಗೆ ಮಂಡಿನೋವು. ಕಾರಿದೆ. ಮೂವರಿಗೂ ಒಪ್ಪುವಂಥ ಜಾಗಗಳನ್ನು ತಿಳಿಸುತ್ತೀರಾ?

ಉತ್ತರ: ಮೂವರಿಗೂ ಒಪ್ಪುವ ಜಾಗ ಅಂತ ಹುಡುಕಿದರೆ ಕೊನೆಗೆ ಸಿಗುವುದು ಐಸ್‌ಕ್ರೀಮ್ ಅಂಗಡಿ ಒಂದೇ. ನಾಲ್ಕರ ಹುಡುಗಿಗೆ ಜಿರಾಫೆಯೂ ಒಂದೇ, ಟಿಕೆಟ್ ಕೌಂಟರ್ ಹತ್ತಿರ ಸಾಲಾಗಿ ಹೋಗುವ ಇರುವೆಯೂ ಒಂದೇ. ಎಂಟರ ಹುಡುಗನಿಗೆ ಎಲ್ಲವನ್ನೂ ಎಣಿಸಬೇಕು, ಯಾವುದು ದೊಡ್ಡದು ಅಂತ ಗೊತ್ತಾಗಬೇಕು. ಹದಿನಾಲ್ಕರವನಿಗೆ ಚಿಕ್ಕ ಮಕ್ಕಳ ಗುಂಪಿನಲ್ಲಿ ತನ್ನನ್ನೂ ಸೇರಿಸಿದ್ದಾರೆ ಅನ್ನುವುದೇ ದೊಡ್ಡ ಅವಮಾನ. ಆದ್ದರಿಂದ ಜಾಗದ ತಲೆನೋವು ಬಿಡಿ. ಜಾಗ ಒಂದೇ ಇರಲಿ, ಅಲ್ಲಿ ಮೂವರಿಗೂ ಬೇರೆ ಬೇರೆ ಕೆಲಸ ಇರಲಿ. ಶಾಲೆಯ ಮಕ್ಕಳನ್ನು ಊರು ಸುತ್ತಿಸುವುದೇ ನನ್ನ ಕೆಲಸವಾಗಿರುವುದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ: ಕೆಲಸ ಸಿಕ್ಕ ಮಗು ಹಟ ಮಾಡುವುದು ಕಡಿಮೆ.

ಇನ್ನೊಂದು, ದಿನಕ್ಕೆ ಒಂದೇ ಜಾಗ. ಬೆಳಿಗ್ಗೆ ಹೊರಡಿ, ಊಟದ ಹೊತ್ತಿಗೆ ಮನೆ ಸೇರಿ. ಏಪ್ರಿಲ್-ಮೇ ತಿಂಗಳ ಮೈಸೂರಿನಲ್ಲಿ ಹನ್ನೊಂದು ಗಂಟೆಯ ಮೇಲೆ ಬಿಸಿಲಿಗೆ ಕನಿಕರ ಇರುವುದಿಲ್ಲ. ನಾಲ್ಕರ ಮೇಲೆ ಮುಂಗಾರು ಪೂರ್ವದ ಮಳೆ ಗುಡುಗುತ್ತಾ ಬಂದರೂ ಬಂತು. ಹೋದ ವರ್ಷದ ಜ್ವರಕ್ಕೆ ಝೂ ಕಾರಣವಲ್ಲ, ಮೂರು ಜಾಗವನ್ನು ಒಂದು ಹಗಲಿಗೆ ತುರುಕಿದ್ದು ಕಾರಣ ಇರಬಹುದು.

ಮೊದಲು ಝೂ. ನೋಡಿದ್ದೇ ಅಲ್ಲವೇ ಅನ್ನಬೇಡಿ. ಹೋದ ಸಲ ನೀವು ಅದನ್ನು ದಾಟಿದಿರಿ, ನೋಡಲಿಲ್ಲ. ಚಾಮರಾಜೇಂದ್ರ ಮೃಗಾಲಯ 1892ರದು, ದೇಶದ ಹಳೆಯ ಮೃಗಾಲಯಗಳಲ್ಲೊಂದು. ಬೆಳಿಗ್ಗೆ ಎಂಟೂವರೆಗೆ ಬಾಗಿಲು ತೆಗೆಯುತ್ತದೆ, ಮಂಗಳವಾರ ವಾರದ ರಜೆ. ಬಾಗಿಲು ತೆಗೆಯುವ ಹೊತ್ತಿಗೇ ಅಲ್ಲಿರಿ, ಏಕೆಂದರೆ ಪ್ರಾಣಿಗಳು ಓಡಾಡಿಕೊಂಡಿರುವುದು ಆಗಲೇ. ಹನ್ನೆರಡಕ್ಕೆ ಹೋದವರಿಗೆ ಕಾಣುವುದು ಹುಲಿಯ ಬೆನ್ನು ಮಾತ್ರ. ಒಳಗಿನ ದಾರಿ ಮೂರು ಕಿಲೋಮೀಟರ್ ಹತ್ತಿರದ ಒಂದು ದೊಡ್ಡ ಸುತ್ತು. ಅರ್ಧಕ್ಕೆ ಬಂದ ಮೇಲೆ ಸಾಕಾಯಿತು ಅಂದರೂ ಹೊರಗೆ ಬರಲು ಅಷ್ಟೇ ದೂರ ನಡೆಯಬೇಕು. ಬ್ಯಾಟರಿ ಗಾಡಿ ಇದೆ. ಯಜಮಾನರನ್ನೂ ಚಿಕ್ಕವಳನ್ನೂ ಅದರಲ್ಲಿ ಕೂರಿಸಿ, ನೀವು ಹುಡುಗರ ಜೊತೆ ನಡೆಯಿರಿ. ಪ್ಲಾಸ್ಟಿಕ್ ಕವರು ಒಳಗೆ ಬಿಡುವುದಿಲ್ಲ, ತಿಂಡಿ ಸ್ಟೀಲ್ ಡಬ್ಬಿಯಲ್ಲಿರಲಿ. ನಜರಬಾದಿನ ಮೈಲಾರಿ ಹೋಟೆಲು ಅಲ್ಲೇ ಹತ್ತಿರ; ಬೆಣ್ಣೆ ದೋಸೆ ತಿನ್ನಿಸಿಕೊಂಡೇ ಹೋದರೆ ಹತ್ತು ಗಂಟೆಯವರೆಗೆ ‘ಅಜ್ಜಿ, ಹಸಿವು’ ಅನ್ನುವ ಮಾತಿಲ್ಲ.

ಇನ್ನು ಕೆಲಸ ಹಂಚೋಣ. ಚಿಕ್ಕವಳಿಗೆ ಒಂದೇ ಪ್ರಶ್ನೆ: ಯಾರ ಬಾಲ ಉದ್ದ? ಪ್ರತಿ ಆವರಣದ ಮುಂದೆಯೂ ಬಾಲ ನೋಡಿ ತೀರ್ಪು ಕೊಡುವುದು ಅವಳ ಹಕ್ಕು. ಎಂಟರವನ ಕೈಗೆ ಒಂದು ಸಣ್ಣ ನೋಟುಬುಕ್ಕು ಕೊಡಿ. ಫಲಕ ಓದಿ, ಆ ಪ್ರಾಣಿಯ ಊರು ಯಾವ ದೇಶ ಅಂತ ಬರೆದುಕೊಳ್ಳಲಿ. ಮನೆಗೆ ಬಂದು ಭೂಪಟದಲ್ಲಿ ಗುರುತು ಹಾಕಲಿ. ದೊಡ್ಡವನನ್ನು ಗೊರಿಲ್ಲಾಗಳ ಮುಂದೆ ನಿಲ್ಲಿಸಿ ಸುಮ್ಮನಿದ್ದುಬಿಡಿ. ಇಲ್ಲಿ ಪೋಲೋ ಅನ್ನುವ ಗೊರಿಲ್ಲಾ ಬಹಳ ವರ್ಷ ಜೊತೆಯಿಲ್ಲದೆ ಒಂಟಿಯಾಗಿ ಬದುಕಿ 2014ರಲ್ಲಿ ಸತ್ತಿತು. 2021ರಲ್ಲಿ ಜರ್ಮನಿಯಿಂದ ಥಾಬೊ, ಡೆಂಬ ಅನ್ನುವ ಎರಡು ಗಂಡು ಗೊರಿಲ್ಲಾಗಳು ಬಂದವು. ಈ ಕಥೆ ಹೇಳಿ, ‘ಮೃಗಾಲಯ ಇರಬೇಕೋ ಬೇಡವೋ, ನೀನೇನಂತೀಯ?’ ಅಂತ ಕೇಳಿ ನೋಡಿ. ಆ ವಯಸ್ಸಿನವರಿಗೆ ಅಭಿಪ್ರಾಯ ಕೇಳುವವರು ಸಿಗುವುದೇ ಅಪರೂಪ. ಹಿಂದಿಯಲ್ಲಿ ಉತ್ತರ ಹೇಳಿದರೆ ಹೇಳಲಿ, ನೀವು ಕನ್ನಡದಲ್ಲೇ ಮುಂದುವರಿಸಿ. ‘ಕನ್ನಡದಲ್ಲಿ ಹೇಳು’ ಅಂತ ತಿದ್ದಲು ಹೋದರೆ ಮಾತೇ ನಿಂತುಹೋಗುತ್ತದೆ.

ಕಾರಂಜಿಕೆರೆ ಝೂ ಪಕ್ಕದಲ್ಲೇ ಇದೆ, ಎರಡಕ್ಕೂ ಸೇರಿಸಿ ಟಿಕೆಟ್ಟೂ ಸಿಗುತ್ತದೆ. ಆದರೆ ಅದೇ ದಿನ ಬೇಡ. ಅದನ್ನು ಇನ್ನೊಂದು ಬೆಳಿಗ್ಗೆಗೆ ಇಟ್ಟುಕೊಳ್ಳಿ, ನಿಮ್ಮ ಮೂವರಿಗೆ ಝೂಗಿಂತ ಅದೇ ಹೆಚ್ಚು ಹೊಂದುತ್ತದೆ ಅಂತ ನನ್ನ ಅನಿಸಿಕೆ. ನೆರಳಿದೆ, ದೋಣಿಯಿದೆ, ಯಜಮಾನರು ಕೂರಲು ಕಲ್ಲುಬೆಂಚಿದೆ. ಅಲ್ಲಿನ ದೊಡ್ಡ ಪಕ್ಷಿಪಂಜರದ ಒಳಗೆ ನಾವೇ ನಡೆದುಹೋಗುತ್ತೇವೆ, ನವಿಲು ಕಾಲ ಹತ್ತಿರವೇ ಅಡ್ಡಾಡುತ್ತದೆ. ಚಿಕ್ಕವಳು ಅಟ್ಟಿಸಿಕೊಂಡು ಹೋಗದ ಹಾಗೆ ಕೈ ಹಿಡಿದಿರಿ, ಅಷ್ಟೇ. ಚಿಟ್ಟೆ ಉದ್ಯಾನವೂ ಇದೆ. ಕೆರೆ ದಂಡೆಯಲ್ಲೇ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ವಸ್ತುಸಂಗ್ರಹಾಲಯ ಇದೆ, 1995ರಲ್ಲಿ ಶುರುವಾದದ್ದು, ಸೋಮವಾರ ರಜೆ. ಬಿಸಿಲೇರಿದ ಮೇಲೆ ಹುಡುಗರಿಬ್ಬರನ್ನು ಅಲ್ಲಿಗೆ ಕಳಿಸಿ, ನೀವು ಚಿಕ್ಕವಳ ಜೊತೆ ಕೆರೆಯ ಹತ್ತಿರವೇ ಇರಿ. ಗುಂಪು ಎರಡಾಗಿ ಒಡೆದು ಮತ್ತೆ ಸೇರಲು ಮೈಸೂರಿನಲ್ಲಿ ಇದಕ್ಕಿಂತ ಸಲೀಸಾದ ಜಾಗ ಇಲ್ಲ. ಎಂಟರವನನ್ನು ಒಂದು ಗಂಟೆ ನೋಡಿಕೊಳ್ಳುವ ಜವಾಬ್ದಾರಿ ದೊಡ್ಡವನಿಗೆ ಸಿಕ್ಕ ಹಾಗೂ ಆಯಿತು. ಆ ಗಂಟೆ ಫೋನು ಅವನ ಕೈಯಲ್ಲೇ ಇರಲಿ. ನಿಮಗೆ ಕರೆ ಮಾಡಲು ಬೇಕಾಗುತ್ತದೆ.

ರಂಗನತಿಟ್ಟಿಗೆ ಒಂದು ಬೆಳಿಗ್ಗೆ ಖಂಡಿತ ಮೀಸಲಿಡಿ. ಪಟ್ಟಿಯಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕು ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಕಾವೇರಿಗೆ ಹದಿನೇಳನೇ ಶತಮಾನದಲ್ಲಿ ಕಟ್ಟಿದ ಒಡ್ಡಿನಿಂದ ಆದ ಪುಟ್ಟ ಪುಟ್ಟ ನಡುಗಡ್ಡೆಗಳು ಅವು. ಪಕ್ಷಿತಜ್ಞ ಸಲೀಂ ಅಲಿಯವರು ಮಹಾರಾಜರಿಗೆ ಹೇಳಿ, 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ಪಟ್ಟಿಗೂ, ಸೇರಿತು. ಏಪ್ರಿಲ್ ಕೊನೆಯಲ್ಲೂ ಗೂಡುಗಳಲ್ಲಿ ಮರಿಗಳಿರುತ್ತವೆ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಬಿಟ್ಟರೆ ದೋಣಿ ನಿಲ್ಲಿಸಿಬಿಡುತ್ತಾರೆ. ಬೇಸಿಗೆಯಲ್ಲಿ ಆ ತೊಂದರೆ ಇಲ್ಲ.

ದೋಣಿ ಹತ್ತಿದ ಮೇಲೆ ಬಾಯ್ಕಳಕ ಅನ್ನುವ ಕೊಕ್ಕರೆಯನ್ನು ತೋರಿಸಿ. ಬಿಳಿ-ಬೂದು ಮೈ, ಕಪ್ಪು ರೆಕ್ಕೆಯಂಚು. ಕೊಕ್ಕು ಪೂರ್ತಿ ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ, ಆ ಸಂದಿನಿಂದ ಆಚೆಯ ಬೆಳಕು ಕಾಣುತ್ತದೆ. ಬಸವನಹುಳು, ಶಂಖದಹುಳುಗಳನ್ನು ಹಿಡಿದು ತಿನ್ನಲು ಅನುಕೂಲವಾದ ಕೊಕ್ಕು ಅದು. ‘ಬಾಯಿ ಮುಚ್ಚಲು ಬಾರದ ಹಕ್ಕಿ’ ಅಂದರೆ ನಾಲ್ಕರವಳಿಗೂ ಸಾಕು, ಮುಂದಿನ ಅರ್ಧ ಗಂಟೆ ಅವಳೂ ಬಾಯಿ ಮುಚ್ಚುವುದಿಲ್ಲ. ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಈಟಿಯಂಥ ಕೊಕ್ಕಿನ ಹಾವಕ್ಕಿ, ಚಮಚದ ಕೊಕ್ಕು ಎಲ್ಲವನ್ನೂ ದೋಣಿಯವರೇ ಹೆಸರು ಹಿಡಿದು ತೋರಿಸುತ್ತಾರೆ. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ. ಎಂಟರವನು ಅದು ಗೊಂಬೆ ಅಂತ ವಾದಕ್ಕಿಳಿಯುತ್ತಾನೆ, ಅದು ನೀರಿಗೆ ಜಾರುವವರೆಗೂ. ಮನೆಯಲ್ಲಿ ದುರ್ಬೀನು ಇದ್ದರೆ ದೊಡ್ಡವನ ಕೊರಳಿಗೆ ಹಾಕಿ. ದೋಣಿಯಲ್ಲಿ ಯಾರೂ ಕೈ ಹೊರಗೆ ಚಾಚಬಾರದು, ಇದನ್ನು ಮಾತ್ರ ಹತ್ತುವ ಮುಂಚೆಯೇ ಗಟ್ಟಿಯಾಗಿ ಹೇಳಿಬಿಡಿ. ಶನಿವಾರ, ಭಾನುವಾರ ದೋಣಿಯ ಸಾಲು ಉದ್ದ. ವಾರದ ನಡುವೆ ಹೋಗಿ.

ಶ್ರೀರಂಗಪಟ್ಟಣ ಅಲ್ಲಿಂದ ಮೂರ್ನಾಲ್ಕು ಕಿಲೋಮೀಟರ್. ಹೇಗೂ ಬಂದಿದ್ದೇವೆ ಅಂತ ಅದೇ ದಿನ ಎಳೆದಾಡುವ ಆಸೆ ಆಗುತ್ತದೆ, ಬೇಡ. ಅದು ದೊಡ್ಡವನ ದಿನ. ಚಿಕ್ಕವಳನ್ನು ತಾತನ ಜೊತೆ ಮನೆಯಲ್ಲಿ ಬಿಟ್ಟು, ನೀವು ಹುಡುಗರಿಬ್ಬರನ್ನಷ್ಟೇ ಕರೆದುಕೊಂಡು ಹೋಗಿ. ಮೂವರೂ ಎಲ್ಲ ಕಡೆಗೂ ಬರಲೇಬೇಕು ಅನ್ನುವ ನಿಯಮ ಏನಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಅರ್ಧ ದಿನ ಅಜ್ಜಿಯೋ ತಾತನೋ ಪೂರ್ತಿಯಾಗಿ ಸಿಕ್ಕರೆ ರಜೆಯ ರುಚಿಯೇ ಬೇರೆ.

ಪುಣೆಯ ಹುಡುಗ ಶಾಲೆಯಲ್ಲಿ ಮರಾಠರ ಇತಿಹಾಸ ಓದಿಕೊಂಡು ಬಂದಿರುತ್ತಾನೆ. 1792ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಬ್ರಿಟಿಷರ ಜೊತೆ ಮರಾಠರೂ ನಿಜಾಮರೂ ಇದ್ದರು. ಅದಕ್ಕೆ ಹನ್ನೆರಡು ವರ್ಷ ಮೊದಲು, ಇದೇ ಮರಾಠರು ಹೈದರಾಲಿಯ ಜೊತೆ ಸೇರಿ ಬ್ರಿಟಿಷರ ವಿರುದ್ಧ ನಿಂತಿದ್ದರು. ಯಾರು ಯಾರ ಕಡೆ, ಯಾಕೆ ಅನ್ನುವುದನ್ನು ಅವನೇ ಫೋನಿನಲ್ಲಿ ಹುಡುಕಿ ತಮ್ಮನಿಗೆ ಹೇಳಲಿ. ಫೋನನ್ನು ಕಿತ್ತುಕೊಳ್ಳುವುದಕ್ಕಿಂತ ಹೀಗೆ ದುಡಿಸಿಕೊಳ್ಳುವುದು ಲೇಸು.

ಟಿಪ್ಪುವಿನ ಬೇಸಿಗೆ ಅರಮನೆಯಾದ 1784ರ ದರಿಯಾ ದೌಲತ್‌ನ ಪಡುವಣ ಗೋಡೆಯ ಮೇಲೆ, ಹೈದರ್-ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಬಣ್ಣ ಮಾಸದಂತೆ ಬಿಸಿಲಿಗೆ ಪರದೆ ಕಟ್ಟಿರುತ್ತಾರೆ, ಕಣ್ಣು ಹೊಂದಿಕೊಳ್ಳಲು ಒಂದೆರಡು ನಿಮಿಷ ಬೇಕು. ಹುಡುಗರಿಗೆ ಮೂರು ಗುರುತು ಹೇಳಿ, ಹುಡುಕಲು ಬಿಡಿ. ಸುತ್ತ ಅಷ್ಟು ತಲೆ ಉರುಳುತ್ತಿದ್ದರೂ ಹೂ ಮೂಸುತ್ತಿರುವ ಟಿಪ್ಪು. ಸೈನಿಕರ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಬೇಲಿ. ಸ್ಫೋಟಗೊಳ್ಳುತ್ತಿರುವ ಮದ್ದಿನ ಗಾಡಿ. ಮೂರೂ ಸಿಗುವ ಹೊತ್ತಿಗೆ ಗೋಡೆಯ ಮೂಲೆಮೂಲೆಯನ್ನೂ ನೋಡಿ ಮುಗಿಸಿರುತ್ತಾರೆ. ಆಮೇಲೆ ರಂಗನಾಥಸ್ವಾಮಿ ಗುಡಿಯ ಹತ್ತಿರದ, ಅದೇ ಕರ್ನಲ್ ಬೇಲಿಯ ಹೆಸರನ್ನು ಹೊತ್ತ ಬಂದೀಖಾನೆಗೆ ಕರೆದೊಯ್ಯಿರಿ. ಕೈದಿಗಳನ್ನು ಕಟ್ಟಿಹಾಕುತ್ತಿದ್ದ ತೂತುಗಲ್ಲು ಗೋಡೆಯಲ್ಲಿ ಹಾಗೇ ಇದೆ, ಒಂದು ಫಿರಂಗಿಯೂ ಒಳಗೆ ಬಿದ್ದುಕೊಂಡಿದೆ. ಚಿತ್ರದಲ್ಲಿ ನೋಡಿದ ಮನುಷ್ಯನ ಹೆಸರನ್ನೇ ಇಲ್ಲೂ ಕೇಳಿದಾಗ ಎಂಟರವನು ಕೇಳುವ ಪ್ರಶ್ನೆಗಳಿಗೆ ದೊಡ್ಡವನೇ ಉತ್ತರ ಕೊಡಲಿ. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು 1799ರ ನಂತರ ಬ್ರಿಟಿಷರು ಇಂಗ್ಲೆಂಡಿಗೆ ಒಯ್ದು, ಅದರ ಮೇಲೆ ತಮ್ಮ ರಾಕೆಟ್ಟನ್ನು ಬೆಳೆಸಿದರು ಅನ್ನುವ ವಿಷಯವೂ ಅವನ ಜೋಳಿಗೆಯಲ್ಲಿರಲಿ.

ಚಾಮುಂಡಿಬೆಟ್ಟಕ್ಕೆ ಮಂಡಿನೋವಿನವರೂ ನಾಲ್ಕರವಳೂ ಹೋಗಬಹುದು, ಮೆಟ್ಟಿಲ ಸುಖವೂ ಸಿಗಬಹುದು, ಒಂದು ಸಣ್ಣ ಉಪಾಯ ಮಾಡಿದರೆ. ಕೆಳಗಿನಿಂದ ಹತ್ತಬೇಡಿ. ಎಲ್ಲರೂ ಕಾರಿನಲ್ಲಿ (ಅಥವಾ ಮಕ್ಕಳಿಗೆ ಬಸ್ಸೇ ಖುಷಿ ಅಂದರೆ ನಗರ ಬಸ್ ನಿಲ್ದಾಣದಿಂದ 201ರಲ್ಲಿ) ಮೇಲಕ್ಕೆ ಹೋಗಿ. ದೇವಿಯ ದರ್ಶನ, ಮಹಿಷಾಸುರನ ದರ್ಶನ ಎರಡೂ ಆಗಲಿ. ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು ಹಿಡಿದ ಅವನನ್ನು ಕಂಡು ಚಿಕ್ಕವಳು ತಾತನ ಹಿಂದೆ ಅಡಗಬಹುದು. ಆಮೇಲೆ ಹುಡುಗರಿಬ್ಬರು ಮೆಟ್ಟಿಲಲ್ಲಿ ಇಳಿದು ನಂದಿಯವರೆಗೆ ಬರಲಿ. ಒಟ್ಟು ಸಾವಿರ ಚಿಲ್ಲರೆ ಮೆಟ್ಟಿಲಲ್ಲಿ ಅದು ಮೇಲಿನ ಮುನ್ನೂರರ ಸುಮಾರು. ನಂದಿಯ ಹತ್ತಿರಕ್ಕೆ ರಸ್ತೆಯೂ ಇರುವುದರಿಂದ ನೀವು ಮೂವರು ಕಾರಿನಲ್ಲಿ ಅಲ್ಲಿಗೆ ಇಳಿದು ಕಾದಿರಿ. ಎಂಟರವನಿಗೆ ಎಣಿಸುವ ಕೆಲಸ, ದೊಡ್ಡವನಿಗೆ ಅವನ ಲೆಕ್ಕ ತಪ್ಪಿಸದೆ ಇರುವ ಕೆಲಸ. ಹರಕೆ ಹೊತ್ತ ಹೆಣ್ಣುಮಕ್ಕಳು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಶಿನ-ಕುಂಕುಮ ಹಚ್ಚುತ್ತಾ ಹತ್ತುತ್ತಿರುತ್ತಾರೆ. ಅವರು ಎದುರಾದರೆ ಪಕ್ಕಕ್ಕೆ ಸರಿದು ದಾರಿ ಬಿಡಲು ಹೇಳಿಕೊಡಿ. ದೊಡ್ಡ ದೇವರಾಜ ಒಡೆಯರ ಕಾಲದ ಆ ಒಂದೇ ಕಲ್ಲಿನ ನಂದಿ ಹದಿನಾರು ಅಡಿ ಎತ್ತರ. ಕೊರಳ ಗಂಟೆಸರಗಳನ್ನು ಎಣಿಸುವುದು ಚಿಕ್ಕವಳ ಪಾಲಿಗೆ. ಬಾಳೆಹಣ್ಣಿನ ಚೀಲ ಮಾತ್ರ ಕಾರಿನೊಳಗೇ ಇರಲಿ, ಅಲ್ಲಿನ ಕೋತಿಗಳಿಗೆ ಸಂಕೋಚ ಅನ್ನುವುದೇ ಇಲ್ಲ.

ಅರಮನೆಯ ಒಳಗೆ ನಾಲ್ಕರವಳನ್ನು ಈ ಸಲ ಕರೆದೊಯ್ಯಬೇಡಿ. ಚಪ್ಪಲಿ ಬಿಡುವ ಸಾಲು, ನೂಕುನುಗ್ಗಲು, ಮುಟ್ಟಬೇಡ ಅನ್ನುವ ಕಾವಲುಗಾರರು. ಅವಳಿಗೆ ಅಲ್ಲಿ ಮಾಡಲು ಏನೂ ಇಲ್ಲ. ಬದಲಿಗೆ ಭಾನುವಾರ ಸಂಜೆ ಏಳರ ಸುಮಾರಿಗೆ ದೀಪಾಲಂಕಾರ ನೋಡಲು ಎಲ್ಲರೂ ಹೋಗಿ, ಅದಕ್ಕೆ ಟಿಕೆಟ್ಟೂ ಇಲ್ಲ. ಕತ್ತಲಲ್ಲಿ ನಿಂತ ಕಟ್ಟಡಕ್ಕೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ತಿಕೊಳ್ಳುವ ಆ ಒಂದು ಕ್ಷಣಕ್ಕೆ ಮೂರೂ ವಯಸ್ಸು ಒಂದೇ ಆಗುತ್ತದೆ. ಹತ್ತು ನಿಮಿಷ ಮುಂಚೆಯೇ ಹೋಗಿ ನಿಂತಿರಿ, ಹೊತ್ತಿಕೊಂಡ ಮೇಲೆ ಹೋದರೆ ಅರ್ಧ ಸುಖ ಹೋದಂತೆ. ಹುಡುಗರಿಗೆ ಒಳಗನ್ನೂ ತೋರಿಸಲೇಬೇಕೆಂದಿದ್ದರೆ ಬೇರೆ ಬೆಳಿಗ್ಗೆ ಹೋಗಿ. ಹಳೆಯ ಅರಮನೆ 1897ರಲ್ಲಿ ಸುಟ್ಟುಹೋಗಿ ಈಗಿನದು 1912ಕ್ಕೆ ಮುಗಿದದ್ದು ಅಂತ ಮೊದಲೇ ಹೇಳಿ. 750 ಕಿಲೋ ತೂಗುವ ಅಂಬಾರಿಯ ಮುಂದೆ ನಿಲ್ಲಿಸಿದಾಗ, ಇದನ್ನು ಹೊತ್ತು ಆನೆ ಬನ್ನಿಮಂಟಪದವರೆಗೆ ನಡೆಯುತ್ತದೆ ಅನ್ನಿ. ಎಂಟರವನು ಉಳಿದ ಲೆಕ್ಕ ತಾನೇ ಹಾಕುತ್ತಾನೆ.

ಚಿಕ್ಕವಳ ದಿನಕ್ಕೆ ರೈಲ್ವೆ ಮ್ಯೂಸಿಯಂ. ಕೆಆರ್‌ಎಸ್ ರಸ್ತೆಯಲ್ಲಿ ಸಿಎಫ್‌ಟಿಆರ್‌ಐ ಎದುರಿಗಿದೆ, 1979ರದು. ಪುಟಾಣಿ ರೈಲು ಒಂದು ಸುತ್ತು ಹೊಡೆಸುತ್ತದೆ, ಹಳೆಯ ಎಂಜಿನ್ನುಗಳನ್ನು ಹತ್ತಿರದಿಂದ ನೋಡಬಹುದು, 1899ರ ಮಹಾರಾಣಿ ಸಲೂನು ಅನ್ನುವ ರೈಲು ಬೋಗಿಯಲ್ಲಿ ಅಡುಗೆಮನೆಯೂ ಉಂಟು. ಯಜಮಾನರಿಗೆ ಇದೇ ಸರಿಯಾದ ಜಾಗ: ನಡೆಯುವುದು ಕಡಿಮೆ, ಹೇಳಲು ಕಥೆ ಜಾಸ್ತಿ. ಉಗಿಬಂಡಿಯಲ್ಲಿ ಪ್ರಯಾಣ ಮಾಡಿದ ತಾತ ಎಷ್ಟು ಮಕ್ಕಳಿಗಿದ್ದಾರೆ ಈಗ?

ದೇವರಾಜ ಮಾರುಕಟ್ಟೆಗೆ ಒಂದು ಬೆಳಿಗ್ಗೆ ಹುಡುಗರನ್ನು ಸುಮ್ಮನೆ ತಿರುಗಾಡಿಸಬೇಡಿ, ಸಾಮಾನಿನ ಚೀಟಿ ಕೊಟ್ಟು ಕಳಿಸಿ. ನೂರು ರೂಪಾಯಿಗೆ ಎರಡು ಮೊಳ ಮಲ್ಲಿಗೆ, ಒಂದು ಕಟ್ಟು ವೀಳ್ಯದೆಲೆ, ಉಳಿದ ಕಾಸಿಗೆ ರಸಬಾಳೆ. ನೀವು ನಾಲ್ಕು ಹೆಜ್ಜೆ ಹಿಂದಿರಿ. ಪುಣೆಯವನು ಹೂವಿನವರ ಹತ್ತಿರ ಚೌಕಾಸಿಗೆ ನಿಂತಾಗ ಬಾಯಿಂದ ಕನ್ನಡ ತಾನಾಗಿ ಹೊರಡುತ್ತದೆ, ಬೇರೆ ದಾರಿಯೇ ಇರುವುದಿಲ್ಲವಲ್ಲ. ಅತ್ತರಿನವರು ಅಂಗೈಗೆ ಹಚ್ಚಲು ಬಂದರೆ ಬೇಡ ಅನ್ನುವುದನ್ನು ಮೊದಲೇ ಹೇಳಿಕೊಟ್ಟಿರಿ.

ಮೈಸೂರಿನ ನಾಟಕ ಸಂಸ್ಥೆ ರಂಗಾಯಣದ ಚಿಣ್ಣರ ಮೇಳ ಒಂದು ತಿಂಗಳ ಬೇಸಿಗೆ ಶಿಬಿರ, ಹತ್ತು ದಿನಕ್ಕೆ ಬರುವವರಿಗೆ ಸೇರಲಾಗದು. ಆದರೆ ಮೇಳದ ಕೊನೆಗೆ ಮಕ್ಕಳೇ ಆಡುವ ನಾಟಕಗಳಿರುತ್ತವೆ. ದಿನ ಹೊಂದಿಬಂದರೆ ಎಂಟರವನನ್ನು ತಪ್ಪದೆ ಕರೆದೊಯ್ಯಿರಿ.

ಇನ್ನು ಬೇಡದ್ದು. ಬೃಂದಾವನದ ಸಂಗೀತ ಕಾರಂಜಿ ಶುರುವಾಗುವುದು ಕತ್ತಲಾದ ಮೇಲೆ, ಅಲ್ಲಿಗೆ ತಲುಪಲು ತೋಟದ ಉದ್ದಕ್ಕೂ ನಡೆಯಬೇಕು, ಮುಗಿಯುವ ಹೊತ್ತಿಗೆ ಪಾರ್ಕಿಂಗಿನಲ್ಲಿ ಕಾರುಗಳ ಜಾತ್ರೆ. ಮಂಡಿನೋವಿಗೂ ನಿದ್ದೆಗಣ್ಣಿನ ಮಗುವಿಗೂ ಅದು ಶಿಕ್ಷೆ. ವಾಟರ್ ಪಾರ್ಕಿಗೆ ದೊಡ್ಡವನು ಕೇಳಿದರೆ ಅವನ ಅಪ್ಪ-ಅಮ್ಮ ಬಂದಾಗ ಹೋಗಲಿ, ನೀರಾಟದಲ್ಲಿ ಮೂವರ ಮೇಲೆ ಕಣ್ಣಿಡುವುದು ಅಜ್ಜ-ಅಜ್ಜಿಯ ಕೈಲಾಗುವ ಮಾತಲ್ಲ. ಕಾವೇರಿ ದಂಡೆಯ ಬಲಮುರಿ, ಎಡಮುರಿಗಳ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಮಕ್ಕಳನ್ನು ನೀರಿಗೆ ಇಳಿಸಬೇಡಿ. ಮೊಣಕಾಲುದ್ದ ಅಂತ ಕಾಣುವ ಕಡೆ ಪಾಚಿಗಲ್ಲು, ಅದರಾಚೆ ಗುಂಡಿ, ಸೆಳವು. ಈಜು ಬರುವ ದೊಡ್ಡವರೇ ಅಲ್ಲಿ ಮುಳುಗಿದ್ದಾರೆ. ಶ್ರೀರಂಗಪಟ್ಟಣದ ಸಂಗಮದಲ್ಲೂ ಅಷ್ಟೇ, ದಡದಲ್ಲಿ ಕೂತು ಚಿತ್ರಾನ್ನ ತಿಂದು ಬನ್ನಿ.

ಹತ್ತು ದಿನದಲ್ಲಿ ಐದಾರು ಬೆಳಿಗ್ಗೆ ಹೊರಗೆ ಹೋದರೆ ಬೇಕಾದಷ್ಟಾಯಿತು. ಉಳಿದ ದಿನ, ಮಳೆ ಬಂದ ಮಧ್ಯಾಹ್ನಗಳಿಗೆ, ಝೂಗೆ ಹೋದಾಗಲೇ ಒಂದು ವ್ಯವಸ್ಥೆ ಮಾಡಿಕೊಳ್ಳಿ. ಹತ್ತಿರದ ನಜರಬಾದ್ ಮುಖ್ಯರಸ್ತೆಯಲ್ಲಿ ರಾಮ್‌ಸನ್ಸ್‌ನವರ ಪ್ರತಿಮಾ ಗ್ಯಾಲರಿಯಿದೆ, ಅಳಿಗುಳಿಮಣೆ, ಚೌಕಾಬಾರ, ಪಗಡೆಯ ಹಾಸುಗಳನ್ನು ಅಲ್ಲಿ ವಿಚಾರಿಸಿ. ದುಡ್ಡು ಖರ್ಚು ಮಾಡಲು ಇಷ್ಟವಿಲ್ಲದಿದ್ದರೆ ಚೌಕಾಬಾರಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದರ ಇಪ್ಪತ್ತೈದು ಮನೆ ಬರೆದು, ನಾಲ್ಕು ಕವಡೆ ತೆಗೆದರಾಯಿತು. ನಾಲ್ವರು ಆಡಬಹುದು: ಹುಡುಗರಿಬ್ಬರು, ನೀವು, ಯಜಮಾನರು. ಯಜಮಾನರಿಗೆ ನೆಲಕ್ಕೆ ಕೂರಲಾಗದಿದ್ದರೆ ಹಾಸನ್ನು ಊಟದ ಮೇಜಿನ ಮೇಲೆ ಹಾಸಿ. ನಾಲ್ಕರವಳಿಗೆ ಎಲ್ಲರ ಪರವಾಗಿ ಕವಡೆ ಉರುಳಿಸುವ ಕೆಲಸ ಕೊಡಿ. ಆಟ ಮುಗಿದ ಮೇಲೆ ಕವಡೆ ನಾಲ್ಕೂ ಇವೆಯೇ ಎಂದು ಎಣಿಸಿ ಎತ್ತಿಡಿ, ಆ ವಯಸ್ಸಿನವರು ಬಾಯಿಗೆ ಹಾಕಿಕೊಳ್ಳುವುದುಂಟು.